5 ಕಿ.ಮೀ., 10 ಕಿ.ಮೀ. ಓಟ: ಎಷ್ಟು ನಿಮಿಷದ ಗುರಿ ಇಡಬೇಕು?

ಹವ್ಯಾಸಕ್ಕೆ ಓಡುವವರಿಗೆ 5 ಕಿ.ಮೀ. ಮುಗಿಸಲು ಸಾಮಾನ್ಯವಾಗಿ 25ರಿಂದ 35 ನಿಮಿಷ ಬೇಕು. ನಡುನಡುವೆ ನಡೆದರೆ 40 ದಾಟುತ್ತದೆ, ನಾಚಿಕೆಯೇನಿಲ್ಲ. 10 ಕಿ.ಮೀ.ಗೆ ಆ ಸಮಯವನ್ನು 2.085ರಿಂದ ಗುಣಿಸಿ, ಬರೀ ಎರಡರಿಂದ ಗುಣಿಸಿದರೆ ದಣಿವಿನ ಲೆಕ್ಕ ತಪ್ಪುತ್ತದೆ. 30 ನಿಮಿಷದವರಿಗೆ ಸುಮಾರು 62 ನಿಮಿಷ 30 ಸೆಕೆಂಡು.

ಕಾರವಾರದ ಕಡಲತೀರದ ರಸ್ತೆ ಸಪಾಟು, ಆದರೆ ಸೆಕೆ ಬಿಡುವುದಿಲ್ಲ. ತೇವದ ಗಾಳಿಯಲ್ಲಿ ಬೆವರು ಆರದೆ ಮೈ ಕಾಯುತ್ತದೆ, ಎದೆಬಡಿತ ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಿ.ಮೀ.ಗೆ 15–20 ಸೆಕೆಂಡು ಬಿಟ್ಟುಕೊಡಿ. ಶಿರಸಿಯಲ್ಲಿ ತಂಪು, ಆದರೆ ಏರಿಳಿತ. ಅಲ್ಲಿ ಗಡಿಯಾರಕ್ಕಿಂತ ಉಸಿರನ್ನು ನಂಬಿ.

ಹೆಚ್ಚಿನವರು ಕೆಡಿಸಿಕೊಳ್ಳುವುದು ಮೊದಲ ಕಿ.ಮೀ.ಯಲ್ಲೇ. 5 ಕಿ.ಮೀ.ಗೆ 30 ನಿಮಿಷದ ಗುರಿಯಿದ್ದರೆ ಅದು 6 ನಿಮಿಷ 5 ಸೆಕೆಂಡಿನ ಆಸುಪಾಸು ಇರಲಿ. ಅದನ್ನು 5 ನಿಮಿಷ 30 ಸೆಕೆಂಡಿನಲ್ಲಿ ಓಡಿದರೆ ನಾಲ್ಕನೆಯದರಲ್ಲಿ ಕಾಲು ಏಳುವುದಿಲ್ಲ.