ತೆರೆಯ ಮೇಲಿನ ಹಳೇ ಆಂಬುಲೆನ್ಸ್: ಯಾವ ಗಾಡಿ ಎಂದು ಗುರುತಿಸುವುದು ಹೇಗೆ?

ಹಳೇ ಸಿನಿಮಾದ ಕ್ಲೈಮ್ಯಾಕ್ಸಿಗೆ ಸ್ವಲ್ಪ ಮುಂಚೆ ಆಂಬುಲೆನ್ಸೊಂದು ಆಸ್ಪತ್ರೆಯ ಗೇಟಿನೊಳಗೆ ನುಗ್ಗಿ ಗಕ್ಕನೆ ನಿಲ್ಲುತ್ತದೆ. ಸ್ಟ್ರೆಚರ್ ಇಳಿಯುವಷ್ಟರಲ್ಲಿ ಕ್ಯಾಮೆರಾ ತಾಯಿಯ ಮುಖಕ್ಕೆ ಹೊರಳಿರುತ್ತದೆ. ಗಾಡಿ ಕಾಣುವುದು ಮೂರ್ನಾಲ್ಕು ಸೆಕೆಂಡು ಮಾತ್ರ. ಆ ಹೊತ್ತಿನಲ್ಲಿ ಬಣ್ಣ, ಬರಹ, ಕೆಂಪು ಪ್ಲಸ್, ನೆತ್ತಿಯ ದೀಪ ಯಾವುದನ್ನೂ ನಂಬಬೇಡಿ. ಕಲಾ ವಿಭಾಗದವರು ಯಾವ ವ್ಯಾನಿಗೆ ಬೇಕಾದರೂ ಇವನ್ನೆಲ್ಲ ಅಂಟಿಸಿ ಕೊಡಬಲ್ಲರು. ಅವರು ಸುಲಭಕ್ಕೆ ಬದಲಿಸಲಾಗದ್ದು ತಗಡಿನ ಆಕಾರ, ಬಾಗಿಲು, ಚಕ್ರ.

ಮೊದಲು ವಿಡಿಯೊ ನಿಲ್ಲಿಸಿ ಚಕ್ರ ನೋಡಿ. ಗಾಡಿ ಪಕ್ಕದಿಂದ ಕಾಣುವಾಗ ಚಕ್ರ ಮೊಟ್ಟೆಯಂತೆ ಅಡ್ಡಕ್ಕೆ ಹಿಗ್ಗಿದ್ದರೆ, ಹಳೇ ಚೌಕದ ಚಿತ್ರವನ್ನು ಅಗಲ ಟಿವಿಗೆ ಎಳೆದಿದ್ದಾರೆ ಎಂದೇ ಅರ್ಥ. ಟಿವಿಯ ಸೆಟ್ಟಿಂಗ್‌ನಲ್ಲಿ ಅಳತೆಯನ್ನು 4:3ಕ್ಕೆ ತಂದುಕೊಳ್ಳಿ. ಇಲ್ಲದಿದ್ದರೆ ಎಲ್ಲ ವ್ಯಾನೂ ಗಿಡ್ಡವಾಗಿ, ಉದ್ದವಾಗಿ ಕಂಡು ದಾರಿ ತಪ್ಪಿಸುತ್ತವೆ.

ಆಮೇಲೆ ಮೂತಿ. ಗಾಜಿನ ಮುಂದೆ ಬಾನೆಟ್ ಇದೆಯೋ ಇಲ್ಲವೋ? ಬಾನೆಟ್ ಇಲ್ಲ, ದುಂಡು ಹೆಡ್‌ಲೈಟು, ನೆಲ ತಗ್ಗಿನಲ್ಲಿದೆ ಅಂದರೆ ಬಹುತೇಕ ಬಜಾಜ್ ಟೆಂಪೊದ ಮೆಟಡೋರ್. ಜರ್ಮನಿಯ ವಿನ್ಯಾಸ, ತಯಾರಾದದ್ದು ಪುಣೆಯಲ್ಲಿ. ಎಂಜಿನ್ನು ಎಳೆಯುವುದು ಮುಂದಿನ ಚಕ್ರಗಳನ್ನು; ಹಿಂದಿನ ಚಕ್ರ ತಿರುಗಿಸುವ ಶಾಫ್ಟ್ ಎಂಬ ದಂಡ ನೆಲದಡಿ ಹೋಗುವುದಿಲ್ಲವಾದ್ದರಿಂದ ನೆಲ ಅಷ್ಟು ಕೆಳಗಿದೆ. ಸ್ಟ್ರೆಚರ್ ಎತ್ತಿ ಒಳಗೆ ತಳ್ಳುವವರು ಸೊಂಟದ ಮೇಲಕ್ಕೆ ಕೈ ಎತ್ತಬೇಕಾಗಿಲ್ಲ ಅನ್ನುವುದು ದೃಶ್ಯದಲ್ಲೇ ಕಾಣುತ್ತದೆ. ನಮ್ಮ ಕಡೆ ಸಿಕ್ಕ ಸಿಕ್ಕ ವ್ಯಾನಿಗೆಲ್ಲ ಮೆಟಡೋರ್ ಎನ್ನುವ ರೂಢಿ ಇರುವುದರಿಂದ ಹಿರಿಯರ ಮಾತನ್ನೂ ಒಮ್ಮೆ ಪರೀಕ್ಷಿಸಿಯೇ ಒಪ್ಪಿಕೊಳ್ಳಿ.

ಗಾಜಿನ ಮುಂದೆ ಇಳಿಜಾರಾದ ಗಿಡ್ಡ ಬಾನೆಟ್ ಇದ್ದರೆ ಅದು ಟೆಂಪೊ ಟ್ರಾವೆಲರ್, ಅರ್ಥಾತ್ ಟಿಟಿ. ಮರ್ಸಿಡಿಸ್ ವ್ಯಾನಿನ ವಿನ್ಯಾಸದ ಮೇಲೆ 1987ರಲ್ಲಿ ಬಂದದ್ದು.

ಪಕ್ಕದ ಬಾಗಿಲು ಹಿಂದಕ್ಕೆ ಜಾರಿ, ಚಕ್ರಗಳು ಆಟಿಕೆಯಷ್ಟು ಚಿಕ್ಕದಾಗಿದ್ದರೆ ಮಾರುತಿ ವ್ಯಾನ್. 1984ರ ಕೊನೆಯಲ್ಲಿ ಬಂತು, ಓಮ್ನಿ ಎಂಬ ಹೆಸರು 1988ರಲ್ಲಿ. ಚಕ್ರ 12 ಇಂಚಿನದು, ಒಟ್ಟು ಉದ್ದ 3.37 ಮೀಟರ್. ರೋಗಿಯನ್ನು ಮಲಗಿಸಿದ ಮೇಲೆ ಪಕ್ಕದಲ್ಲಿ ಒಬ್ಬರು ಮೊಣಕಾಲು ಮಡಚಿ ಕೂರಬೇಕು. ಅದರೊಳಗೆ ನಾಲ್ಕು ಜನ ಆರಾಮಾಗಿ ನಿಂತು ಡೈಲಾಗ್ ಹೇಳುತ್ತಿದ್ದರೆ, ಒಳಗಿನ ದೃಶ್ಯ ಸೆಟ್ಟಿನಲ್ಲಿ ತೆಗೆದದ್ದು.

ಅಂಬಾಸಿಡರ್ ಅನ್ನು ಯಾರೂ ಪರಿಚಯಿಸಬೇಕಾಗಿಲ್ಲ, ಯಾವ ಮಾರ್ಕ್, ಅಂದರೆ ಯಾವ ಕಾಲದ ಮಾದರಿ, ಅನ್ನುವುದಷ್ಟೇ ಪ್ರಶ್ನೆ. ಉತ್ತರ ಮೂತಿಯ ಜಾಲರಿಯಲ್ಲಿ, ಅಂದರೆ ಗ್ರಿಲ್‌ನಲ್ಲಿದೆ. ಸಣ್ಣ ಚೌಕುಳಿಯ ಅಗಲ ಗ್ರಿಲ್ ಇದ್ದರೆ 1962ರಿಂದ ಬಂದ ಮಾರ್ಕ್ 2. ಅಡ್ಡಗೆರೆಗಳಿದ್ದರೆ 1975ರ ಮಾರ್ಕ್ 3. ಗ್ರಿಲ್ ಕಿರಿದಾಗಿ, ಚೌಕಗಳು ದೊಡ್ಡದಾಗಿ, ಪಕ್ಕದಲ್ಲಿ ಚೌಕದ ದೀಪಗಳು ಬಂದಿದ್ದರೆ 1979ರ ಮಾರ್ಕ್ 4. ಆದರೆ ಅಪಘಾತವಾದ ಗಾಡಿಗೆ ಸಿಕ್ಕಿದ ಗ್ರಿಲ್ ಹಾಕಿಸಿಕೊಂಡವರು ಕಡಿಮೆಯಿಲ್ಲ. ಹಾಗಾಗಿ ದೀಪಗಳೂ ಗ್ರಿಲ್ಲೂ ಒಂದೇ ಮಾತು ಹೇಳಿದರೆ ಮಾತ್ರ ಒಪ್ಪಿ.

ಕಿವಿಯನ್ನು ನೆಚ್ಚಬೇಡಿ. ಸೈರನ್ನೂ ಎಂಜಿನ್ ಸದ್ದೂ ಸ್ಟುಡಿಯೊದಲ್ಲಿ ಸೇರಿಸಿದವು. ಪೆಟ್ರೋಲ್ ಗಾಡಿ ಡೀಸೆಲ್ಲಿನಂತೆ ಗುಡುಗುವುದು ಮಾಮೂಲು.

ಇನ್ನೊಂದು ಎಡವಟ್ಟು ತಿರುವಿದ ಚಿತ್ರದ್ದು. ಮುಂದಿನ ವಾಹನದವರ ಕನ್ನಡಿಯಲ್ಲಿ ಸರಿಯಾಗಿ ಕಾಣಲೆಂದು ಆಂಬುಲೆನ್ಸ್ ಎಂಬ ಪದವನ್ನು ಮೂತಿಯ ಮೇಲೆ ಉಲ್ಟಾ ಬರೆಯುವುದುಂಟು. ಅದು ನೇರವಾಗಿ ಓದಿಸಿಕೊಂಡರೆ ಸ್ಟೀರಿಂಗ್ ಗಾಡಿಯ ಎಡಭಾಗದಲ್ಲಿದೆಯೇ, ನಂಬರ್ ಪ್ಲೇಟು ತಿರುಗಿದೆಯೇ ನೋಡಿ. ಎರಡೂ ಹೌದಾದರೆ ಸಂಕಲನದಲ್ಲಿ ಶಾಟನ್ನೇ ಮಗುಚಿದ್ದಾರೆ. ಬಾಗಿಲು ಯಾವ ಪಕ್ಕದಲ್ಲಿದೆ ಎಂಬ ನಿಮ್ಮ ಲೆಕ್ಕವನ್ನೂ ಮಗುಚಿಕೊಳ್ಳಿ.

ಕೊನೆಗೆ ಇಸವಿ. ಮಾದರಿ ಗೊತ್ತಾದರೆ ಸಿಗುವುದು ಒಂದು ಕೆಳಗಿನ ಗಡಿ: ಚಿತ್ರೀಕರಣ ಅದಕ್ಕಿಂತ ಹಿಂದೆ ಆಗಿರಲಾರದು. ಎಷ್ಟು ಈಚಿನದು ಎಂಬುದನ್ನು ಗಾಡಿ ಹೇಳುವುದಿಲ್ಲ, ಏಕೆಂದರೆ ನಮ್ಮಲ್ಲಿ ಆಂಬುಲೆನ್ಸ್‌ಗಳನ್ನು ತುಕ್ಕು ಹಿಡಿಯುವವರೆಗೆ ಓಡಿಸುತ್ತಾರೆ. ಹಿಂದಿನ ಕಾಲದ ಕಥೆ ಹೇಳುವ ಇತ್ತೀಚಿನ ಚಿತ್ರಗಳಲ್ಲಿ ಈ ಗಡಿಯೇ ಮೋಜಿನ ಸಂಗತಿ. 1975ರ ಕಥೆಯಲ್ಲಿ ಟಿಟಿ ಬಂದರೆ ತಪ್ಪು. ನಂಬರ್ ಪ್ಲೇಟಿನಲ್ಲಿ ಹಳೇ ‘ಎಂವೈ’ ಅಕ್ಷರಗಳ ಜಾಗದಲ್ಲಿ ‘ಕೆಎ’ ಕಂಡರೂ ತಪ್ಪೇ, ಆ ಪದ್ಧತಿ ಬಂದದ್ದು 1989ರ ನಂತರ. ತೊಂಬತ್ತರ ದಶಕದ ಕಥೆಯ ಗಾಡಿಯ ಮೇಲೆ 108 ಇದ್ದರಂತೂ ಕೇಳುವುದೇ ಬೇಡ. ಕರ್ನಾಟಕದಲ್ಲಿ ಆ ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು.