ಮರದ ಹಿಡಿಯ ರಬ್ಬರ್ ಸ್ಟ್ಯಾಂಪನ್ನು ಅಕ್ರಿಲಿಕ್ ಬ್ಲಾಕಿಗೆ ಹೊಂದಿಸುವುದು ಹೇಗೆ?

ಕೈಯಿಂದಲೇ ಶುಭಾಶಯ ಪತ್ರ ತಯಾರಿಸುವ ಹವ್ಯಾಸವಿದ್ದವರ ಮನೆಯಲ್ಲಿ ರಬ್ಬರ್ ಸ್ಟ್ಯಾಂಪುಗಳು ಡ್ರಾಯರ್ ತುಂಬಲು ಹೆಚ್ಚು ದಿನ ಬೇಕಿಲ್ಲ. ಜಾಗ ನುಂಗುವುದು ರಬ್ಬರಲ್ಲ, ಅದರ ಬೆನ್ನಿಗಿರುವ ಮರ. ಆ ಮರವನ್ನು ಬಿಡಿಸಿ, ರಬ್ಬರಿನ ಬೆನ್ನಿಗೆ ಕ್ಲಿಂಗ್ ಫೋಮ್ (ನುಣುಪು ಮೈಗೆ ತಾನಾಗಿ ಕಚ್ಚಿಕೊಂಡು, ಬೇಕಾದಾಗ ಬಿಡಿಸಬಹುದಾದ ಮೆತ್ತನೆಯ ಹಾಳೆ) ಹಚ್ಚಿದರೆ ಒಂದೆರಡು ಅಕ್ರಿಲಿಕ್ ಬ್ಲಾಕುಗಳಲ್ಲೇ, ಅಂದರೆ ಹಿಡಿಯಂತೆ ಬಳಸುವ ಗಟ್ಟಿ ಪ್ಲಾಸ್ಟಿಕ್ ತುಂಡುಗಳಲ್ಲೇ, ಎಲ್ಲವನ್ನೂ ಬಳಸಬಹುದು. ಬ್ಲಾಕು ಪಾರದರ್ಶಕವಾದ್ದರಿಂದ ಚಿತ್ರ ಕಾಗದದ ಮೇಲೆ ಎಲ್ಲಿ ಕೂರುತ್ತದೆಂಬುದೂ ಮೊದಲೇ ಕಾಣುತ್ತದೆ.

ಬಿಡಿಸುವ ಮುನ್ನ ಪ್ರತಿ ಸ್ಟ್ಯಾಂಪನ್ನೂ ಒಂದು ಪುಸ್ತಕದಲ್ಲಿ ಒತ್ತಿಟ್ಟುಕೊಳ್ಳಿ, ಏಕೆಂದರೆ ಗುರುತಿಗೆಂದು ಮುದ್ರಿಸಿದ ಚಿತ್ರ ಮರದೊಂದಿಗೇ ಹೋಗುತ್ತದೆ. ಉಗುರು ಒತ್ತಿದರೆ ತಗ್ಗದಷ್ಟು ಗಟ್ಟಿಯಾದ ಹಳೆಯ ರಬ್ಬರನ್ನು ಮುಟ್ಟದಿರುವುದೇ ಲೇಸು. ಎಳೆದರೆ ಅದು ಬಿರುಕು ಬಿಡುತ್ತದೆ.

ಮರ, ನಡುವೆ ಮೆತ್ತನೆಯ ಫೋಮ್, ಮೇಲೆ ರಬ್ಬರ್: ಇವುಗಳನ್ನು ಹಿಡಿದಿಟ್ಟಿರುವುದು ಅಂಟು, ಅಂಟನ್ನು ಸಡಿಲಿಸುವುದು ಬಿಸಿ. ಸ್ಟ್ಯಾಂಪಿನಲ್ಲಿ ಮೊಳೆ, ಪಿನ್ನುಗಳಂಥ ಲೋಹವಿಲ್ಲವೆಂದು ಖಚಿತಪಡಿಸಿಕೊಂಡು ಮೈಕ್ರೋವೇವಿನಲ್ಲಿ 10 ಸೆಕೆಂಡು ಇಡಿ; ಸಡಿಲವಾಗದಿದ್ದರೆ ಇನ್ನೊಮ್ಮೆ ಅಷ್ಟೇ ಹೊತ್ತು. ಲೋಹವಿದ್ದರೆ ಹೇರ್ ಡ್ರೈಯರ್ ಸಾಕು. ಬಿಸಿ ಆರುವ ಮೊದಲೇ ಒಂದು ಮೂಲೆಯನ್ನು ಎಬ್ಬಿಸಿ, ದೋಸೆಯ ಅಂಚು ಬಿಡಿಸುವಷ್ಟು ನಿಧಾನವಾಗಿ ಎಳೆಯಿರಿ. ರಬ್ಬರಿನೊಂದಿಗೆ ಹಳೆಯ ಫೋಮ್ ಬಂದರೆ ಅದನ್ನೂ ತೆಗೆಯಬೇಕು. ಫೋಮಿನ ಮೇಲೆ ಫೋಮ್ ಸೇರಿದರೆ ಸ್ಟ್ಯಾಂಪು ಅತಿಯಾಗಿ ತಗ್ಗಿ, ಚಿತ್ರದ ಆಚೆಯ ಅಂಚೂ ಕಾಗದಕ್ಕೆ ಮಸಿ ತಗುಲಿಸುತ್ತದೆ.

ಉಳಿದ ಅಂಟನ್ನು ಬೆರಳಿನಿಂದ ಉಜ್ಜಿ ಉಂಡೆಗಟ್ಟಿಸಿ ತೆಗೆಯಿರಿ. ಹಲಸಿನ ಮೇಣಕ್ಕೆ ತೆಂಗಿನೆಣ್ಣೆ ಹಚ್ಚಿ ರೂಢಿಯಾದ ನಮಗೆ ಇಲ್ಲಿಯೂ ಅದೇ ನೆನಪಾಗುತ್ತದೆ. ಆದರೆ ರಬ್ಬರ್ ಎಣ್ಣೆಯನ್ನೂ ಸೀಮೆಎಣ್ಣೆಯನ್ನೂ ಹೀರಿ ಉಬ್ಬುವುದರಿಂದ ಎರಡೂ ಬೇಡ.

ಕ್ಲಿಂಗ್ ಫೋಮಿನ ಹಾಳೆಗೆ ಒಂದು ಬದಿಯಲ್ಲಿ ಗಟ್ಟಿ ಅಂಟು, ಇನ್ನೊಂದು ಬದಿಯಲ್ಲಿ ಬ್ಲಾಕಿಗೆ ತಾನಾಗಿ ಕಚ್ಚಿಕೊಳ್ಳುವ ನುಣುಪಾದ ಮೈ ಇರುತ್ತದೆ. ಮೊದಲು ರಬ್ಬರಿನ ಹೆಚ್ಚುವರಿ ಭಾಗವನ್ನು ಚಿತ್ರದ ಅಂಚಿನವರೆಗೆ ಕತ್ತರಿಸಿ, ಅದರ ಬೆನ್ನನ್ನು ಅಂಟಿನ ಬದಿಗೆ ಒತ್ತಿ, ಆಮೇಲೆ ಫೋಮನ್ನು ಕತ್ತರಿಸಿ. ಕತ್ತರಿ ನೆಟ್ಟಗಿರಲಿ. ನಾನು ಮೊದಲ ಬಾರಿ ಕತ್ತರಿಯನ್ನು ಒಳಕ್ಕೆ ವಾಲಿಸಿದ್ದರಿಂದ ಒಂದು ಎಲೆಯ ತೊಟ್ಟಿನಡಿಯ ಫೋಮ್ ಹೋಯಿತು. ಕೆಳಗೆ ಆಸರೆಯಿಲ್ಲದ ಆ ತೊಟ್ಟು ಇಂದಿಗೂ ಸರಿಯಾಗಿ ಮೂಡುವುದಿಲ್ಲ. ಕ್ಲಿಂಗ್ ಫೋಮ್ ಸಿಗದಿದ್ದರೆ ಸಾಮಾನ್ಯ ಕ್ರಾಫ್ಟ್ ಫೋಮನ್ನು ರಬ್ಬರಿಗೆ ಅಂಟಿಸಿ, ಅದರ ಬೆನ್ನಿಗೆ ಮತ್ತೆ ಮತ್ತೆ ಕಿತ್ತು ಹಚ್ಚಬಹುದಾದ ಅಂಟನ್ನು ತೆಳುವಾಗಿ ಸವರಿ ಪೂರ್ತಿ ಒಣಗಿಸಬಹುದು, ಆದರೆ ಅದಕ್ಕೆ ಧೂಳು ಬೇಗ ಹತ್ತುತ್ತದೆ.

ಹಿಡಿತ ಕಡಿಮೆಯಾದರೆ ಕ್ಲಿಂಗ್ ಬದಿಯನ್ನೂ ಬ್ಲಾಕನ್ನೂ ಸೋಪುನೀರಿನಲ್ಲಿ ತೊಳೆದು ಆರಿಸಿ. ಬ್ಲಾಕಿಗೆ ನೇಲ್ ಪಾಲಿಶ್ ರಿಮೂವರ್ ತಾಗಿಸಲೇಬಾರದು. ಅದರಲ್ಲಿರುವ ಅಸಿಟೋನ್ ಅಕ್ರಿಲಿಕ್ಕನ್ನು ಕರಗಿಸಿ ಮಬ್ಬಾಗಿಸುತ್ತದೆ. ಮುಗಿದ ಸ್ಟ್ಯಾಂಪುಗಳನ್ನು ಯಾರೂ ಬಳಸದ ಹಳೆಯ ಸಿಡಿ ಡಬ್ಬಿಗಳ ಒಳಮೈಗೆ ಕಚ್ಚಿಸಿ, ಪುಸ್ತಕದಲ್ಲಿ ಒತ್ತಿಟ್ಟ ಚಿತ್ರದ ಪ್ರತಿಯನ್ನು ಮುಚ್ಚಳಕ್ಕೆ ಸೇರಿಸಿ, ಬಿಸಿಲು ಬೀಳದ ಕಪಾಟಿನಲ್ಲಿ ಪುಸ್ತಕಗಳಂತೆ ನಿಲ್ಲಿಸಿಡಿ.