ಲೋಟಸ್ 23ಬಿ: ಚಾಸಿ ಕೊಳವೆಯೊಳಗಿನ ನೀರು

1960ರ ದಶಕದ ಬ್ರಿಟಿಷ್ ರೇಸ್ ಕಾರು ಲೋಟಸ್ 23ಬಿಯಲ್ಲಿ ಎಂಜಿನ್ ಚಾಲಕನ ಬೆನ್ನಿಗೆ, ರೇಡಿಯೇಟರ್ ಮೂತಿಯಲ್ಲಿ. ಇವೆರಡರ ನಡುವೆ ನೀರು, ಆಯಿಲ್ ಓಡಾಡುವುದು ಚಾಸಿಯ (ಕಾರಿನ ಚೌಕಟ್ಟಿನ) ದಪ್ಪ ಕೊಳವೆಗಳೊಳಗೇ. ತೂಕ ಉಳಿಸಲು ಆಗ ಮಾಡಿದ ಉಪಾಯ ಈಗ ತಲೆನೋವು. ಈ ಕಾರು ಬಿಸಿಯೇರುತ್ತಿದ್ದರೆ ಎಂಜಿನ್‌ಗಿಂತ ಮೊದಲು ನಾನು ಕೈಹಾಕುವುದು ಕೊಳವೆಗೆ.

ಹೋಸ್ ಕಳಚಿ, ಎರಡೂ ತುದಿಯಿಂದ ನೀರು ಹಾಯಿಸಿ, ಹೊರಬಂದದ್ದನ್ನು ಬಿಳಿ ಬಟ್ಟೆಯಲ್ಲಿ ಸೋಸುತ್ತೇನೆ. ಕೆಂಪು ಪುಡಿಯಾದರೆ ಚಿಂತೆಯಿಲ್ಲ. ಉಗುರಿನಗಲದ ಚಕ್ಕೆ ಬಿದ್ದರೆ ಕೊಳವೆ ಸವೆದಿದೆ ಎಂದೇ ಲೆಕ್ಕ. ತೊಳೆಯಲು ಒಂದು ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್, ಎರಡೇ ಗಂಟೆ. ರಾತ್ರಿಯಿಡೀ ಬಿಟ್ಟರೆ ತುಕ್ಕಿನ ಜತೆ ಉಕ್ಕನ್ನೂ ತಿನ್ನುತ್ತದೆ. ಬಳಿಕ ಅಡುಗೆ ಸೋಡಾ ನೀರು ಹಾಯಿಸಿ, ಬಿಸಿಗಾಳಿಯಲ್ಲಿ ಒಣಗಿಸುತ್ತೇನೆ.

ಸೋರಿಕೆ ಹುಡುಕಲು ಕೊಳವೆಗೆ ನೀರು ತುಂಬಿ, ಕೈಪಂಪಿನಿಂದ 20 ಪಿಎಸ್‌ಐ ಕೊಟ್ಟು ಅರ್ಧ ಗಂಟೆ ಬಿಡುತ್ತೇನೆ. ಗೇಜಿನ ಮುಳ್ಳು ಅಲುಗಬಾರದು. ಸೋರುವುದು ಹೆಚ್ಚಾಗಿ ಕೆಳಗಿನ ಕೊಳವೆಯ ಹೊಟ್ಟೆಯಲ್ಲಿ, ನೀರು ನಿಂತೇ ಇರುವ ಕಡೆ.

ಸೋರುವ ಕೊಳವೆಯ ರಿಪೇರಿಯಲ್ಲಿ ಅನೇಕರು ಎಡವುತ್ತಾರೆ. ಹಳೆಯ ಜೋಡಣೆಗಳೆಲ್ಲ ಬ್ರಾಂಜ್ (ತಾಮ್ರದ ಮಿಶ್ರಲೋಹ) ಬೆಸುಗೆ. ಅದರ ಮೇಲೆ ಮಿಗ್ ವೆಲ್ಡ್ (ವಿದ್ಯುತ್ತಿನಿಂದ ಉಕ್ಕನ್ನೇ ಕರಗಿಸುವ ಬೆಸುಗೆ) ಹಾಕಿದರೆ ಕರಗಿದ ತಾಮ್ರ ಉಕ್ಕಿನ ಕಣಗಳ ಸಂದಿಗೆ ನುಗ್ಗುತ್ತದೆ. ಮೇಲೆ ಅಚ್ಚುಕಟ್ಟಾಗಿ ಕಂಡರೂ ಪಕ್ಕದಲ್ಲೇ ಕೂದಲೆಳೆಯ ಬಿರುಕು. ಹಾಗಾಗಿ ಬ್ರಾಂಜ್‌ಗೆ ಬ್ರಾಂಜೇ. ತೇಪೆ ಬೇಡ, ತುಂಡು ಕತ್ತರಿಸಿ ಹೊಸದು ಕೂರಿಸಿ.

ಆಯಿಲ್ ಕೊಳವೆಯದು ಬೇರೆ ಕತೆ. ಒಮ್ಮೆ ಬೇರಿಂಗ್ ಹೋದ ಎಂಜಿನ್ ಇದ್ದ ಚಾಸಿಯಾದರೆ ಲೋಹದ ಚೂರು ಮೂಲೆಯಲ್ಲಿ ಉಳಿದೇ ಇರುತ್ತದೆ. ಅಂಥದ್ದನ್ನು ನಾನು ನಂಬುವುದಿಲ್ಲ. ಹೊರಗಿಂದ ಹೋಸ್ ಎಳೆದುಬಿಡುತ್ತೇನೆ.

ಎಲ್ಲ ಬಿಚ್ಚಿರುವಾಗಲೇ ಎಂಜಿನ್ನಿನ ಹೊಗೆ ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನೂ ನೋಡಿಬಿಡಿ. 1962ರ ನ್ಯೂರ್‌ಬರ್ಗ್‌ರಿಂಗ್ ರೇಸಿನಲ್ಲಿ ಲೋಟಸ್ 23 ಓಡಿಸುತ್ತ ಮುಂದಿದ್ದ ಚಾಲಕ ಜಿಮ್ ಕ್ಲಾರ್ಕ್ ರೇಸಿನಿಂದ ಹೊರಬಿದ್ದದ್ದು ಒಡೆದ ಮ್ಯಾನಿಫೋಲ್ಡಿನ ಹೊಗೆ ಕುಡಿದೇ.

ಈ ಕಾರಿನ 1558 ಸಿಸಿ ಟ್ವಿನ್ ಕ್ಯಾಮ್ ಎಂಜಿನ್‌ನ ವಾಟರ್ ಪಂಪ್ ಮುಂಭಾಗದ ಕವರ್‌ನೊಳಗಿದೆ. ಬದಲಿಸಲು ಹೆಡ್ (ಎಂಜಿನ್ನಿನ ಮೇಲ್ಭಾಗ), ಸಂಪ್ (ಕೆಳಗಿನ ಆಯಿಲ್ ತೊಟ್ಟಿ) ಎರಡನ್ನೂ ಬಿಚ್ಚಬೇಕು. ಬೆಲ್ಟ್ ಬಿಗಿ ಮಾಡಿದಷ್ಟೂ ಪಂಪಿನ ಬೇರಿಂಗ್ ಬೇಗ ಸಾಯುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ 13 ಮಿಮೀ ಬಾಗಬೇಕು.

ನೀರು ತುಂಬುವಾಗ ಮೂತಿ ಎತ್ತಿ ಜಾಕಿಗೆ ಹಾಕಿ, ರೇಡಿಯೇಟರ್ ತಲೆಗೆ ನಾನೇ ಕೂರಿಸಿದ ತಿರುಪಿನಿಂದ ಗುಳ್ಳೆ ನಿಲ್ಲುವವರೆಗೂ ಗಾಳಿ ಬಿಡುತ್ತೇನೆ. ಟ್ರ್ಯಾಕಿಗೆ ಚೆಲ್ಲಿದರೆ ಜಾರುವುದರಿಂದ ಗ್ಲೈಕಾಲ್ (ನೀರು ಹೆಪ್ಪುಗಟ್ಟದಂತೆ ಬೆರೆಸುವ ದ್ರವ) ಹಾಕುವುದಿಲ್ಲ, ತುಕ್ಕುನಿರೋಧಕ ಬೆರೆಸಿದ ನೀರಷ್ಟೇ. ಹಾಗಾಗಿ ಚಳಿಗೆ ಮುಂಚೆ ಅದನ್ನು ಪೂರ್ತಿ ಬಸಿಯಲೇಬೇಕು.